ಎರಡು ಲಕ್ಷದ ಬಿಲ್ಲು, ಎಂಟು ಸಾವಿರದ ರೂಮು

ಬೆಳಿಗ್ಗೆ ಹತ್ತಕ್ಕೆ ರೌಂಡ್ಸಿಗೆ ಬಂದ ಡಾಕ್ಟರು ಚಿಕ್ಕಪ್ಪನ ಹೊಟ್ಟೆ ಮುಟ್ಟಿ ನೋಡಿ, "ಎಲ್ಲಾ ಸರಿ ಇದೆ ಯಜಮಾನ್ರೇ, ಇವತ್ತು ಮನೆಗೆ ಹೋಗಬಹುದು" ಅಂದರು. ಚಿಕ್ಕಮ್ಮ ಆಗಲೇ ಫ್ಲಾಸ್ಕು, ಟವೆಲು, ತಟ್ಟೆ ಲೋಟ ಎಲ್ಲವನ್ನೂ ಬ್ಯಾಗಿಗೆ ತುಂಬಿಟ್ಟರು. ನಾವು ಆಸ್ಪತ್ರೆಯ ಗೇಟು ದಾಟಿದ್ದು ರಾತ್ರಿ ಎಂಟೂವರೆಗೆ. ನಡುವಿನ ಹೊತ್ತೆಲ್ಲ ಇನ್ಶೂರೆನ್ಸ್ ಡೆಸ್ಕಿನ ಗಾಜಿನ ಮುಂದೆ ಕಳೆಯಿತು. ಒಳಗಿದ್ದ ಹುಡುಗಿ ಪಾಪ, ಅರ್ಧ ಗಂಟೆಗೊಮ್ಮೆ ತಲೆ ಎತ್ತಿ "ಟಿಪಿಎಯಿಂದ ಫೈನಲ್ ಅಪ್ರೂವಲ್ ಬಂದಿಲ್ಲ ಸರ್" ಅನ್ನುತ್ತಿದ್ದಳು. ಟಿಪಿಎ ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮು ಪರಿಶೀಲಿಸುವ ಮಧ್ಯವರ್ತಿ ಸಂಸ್ಥೆ. ಬಂದಾಗ ಅದು ಒಂದು ಹಾಳೆಯ ತುಂಬ ಇತ್ತು.

ಪಿತ್ತಕೋಶದ ಕಲ್ಲಿನ ಆಪರೇಷನ್. ಪಾಲಿಸಿ ಐದು ಲಕ್ಷದ್ದು, ಒಂಬತ್ತು ವರ್ಷದಿಂದ ಒಂದು ಕಂತೂ ತಪ್ಪಿಸದೆ ಕಟ್ಟಿಕೊಂಡು ಬಂದದ್ದು. ಬಿಲ್ಲು 2,02,000 ರೂಪಾಯಿ. ಐದು ಲಕ್ಷದೊಳಗೆ ಎರಡು ಲಕ್ಷ ಸಲೀಸಾಗಿ ಹಿಡಿಸಬೇಕು ತಾನೆ? ಕಂಪನಿ ಒಪ್ಪಿದ್ದು 1,22,250. ಉಳಿದ 79,750 ರೂಪಾಯಿಯನ್ನು ಚಿಕ್ಕಪ್ಪನ ಮಗ ಅಲ್ಲೇ ಎರಡು ಕಾರ್ಡು ಉಜ್ಜಿ ಕಟ್ಟಿದ.

ಆರೋಗ್ಯ ವಿಮೆಯ ಮೇಲೆ ಜನರಿಗಿರುವ ಸಿಟ್ಟನ್ನು ಸಾಮಾನ್ಯವಾಗಿ "ಪ್ರೀಮಿಯಂ ಜಾಸ್ತಿ ಆಯ್ತು" ಎಂದು ಬರೆದು ಮುಗಿಸುತ್ತಾರೆ. ಜಾಸ್ತಿ ಆಗಿರುವುದು ನಿಜವೇ. ಆದರೆ ವರ್ಷಕ್ಕೊಮ್ಮೆ ಗೊಣಗಿಕೊಂಡು ಕಟ್ಟುವ ದುಡ್ಡಿಗಿಂತ ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಎಣಿಸುವ ದುಡ್ಡೇ ಹೆಚ್ಚು ಉರಿಯುತ್ತದೆ. ಆ ಹಾಳೆಯನ್ನು ಮನೆಗೆ ತಂದು ಸಾಲು ಸಾಲಾಗಿ ಓದಿದ ಮೇಲೆ ನನಗೆ ಅನ್ನಿಸಿದ್ದು, ನಾವು ಬೈಯುತ್ತಿರುವುದು ಸರಿಯಾದವರನ್ನೇ, ಆದರೆ ಅವರಲ್ಲಿ ಒಬ್ಬರನ್ನು ಮಾತ್ರ.

ಮೊದಲು ಹಾಳೆ ನೋಡೋಣ. ಚಿಕ್ಕಪ್ಪನ ಪಾಲಿಸಿಯಲ್ಲಿ ರೂಮಿನ ಬಾಡಿಗೆಗೆ ಒಂದು ಮಿತಿ ಇತ್ತು: ದಿನಕ್ಕೆ ವಿಮಾ ಮೊತ್ತದ ಶೇ. 1, ಅಂದರೆ ಐದು ಸಾವಿರ. ಅಡ್ಮಿಟ್ ಮಾಡುವಾಗ "ಆ ದರದ ರೂಮು ಖಾಲಿ ಇಲ್ಲ" ಎಂದು ಎಂಟು ಸಾವಿರದ ರೂಮು ಕೊಟ್ಟರು. ನೋವಿನಿಂದ ಮುದುರಿಕೊಂಡವನ ಪಕ್ಕ ನಿಂತು ರೂಮಿನ ದರ ಚೌಕಾಸಿ ಮಾಡುವವರು ಯಾರು? ನಾಲ್ಕು ದಿನಕ್ಕೆ ಹನ್ನೆರಡು ಸಾವಿರ ಹೆಚ್ಚಾದೀತು, ಕೈಯಿಂದ ಹಾಕಿಕೊಂಡರಾಯಿತು ಎಂದುಕೊಂಡೆವು.

ಲೆಕ್ಕ ಹಾಗಿರುವುದಿಲ್ಲ. ಎಂಟರಲ್ಲಿ ಐದಕ್ಕೆ ಮಾತ್ರ ನೀವು ಅರ್ಹರು, ಅಂದರೆ ಶೇ. 62.5. ಈ ಅನುಪಾತ ರೂಮಿಗಷ್ಟೇ ಅಲ್ಲ, ಸರ್ಜನ್ ಫೀಸು, ಅರಿವಳಿಕೆ ಕೊಟ್ಟವರ ಫೀಸು, ಆಪರೇಷನ್ ಥಿಯೇಟರಿನ ಬಾಡಿಗೆ, ನರ್ಸಿಂಗ್ ಎಲ್ಲದಕ್ಕೂ ತಗಲುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಅದೇ ಡಾಕ್ಟರು, ಅದೇ ಥಿಯೇಟರು, ಅದೇ ಕತ್ತರಿ ಆದರೂ ರೂಮು ಮೇಲಿನ ದರ್ಜೆಯದಾದರೆ ಫೀಸೂ ಮೇಲಿನ ದರ್ಜೆಯದೇ. ಹೆಚ್ಚುವರಿ ದರ್ಜೆಯ ಖರ್ಚು ನಾವೇಕೆ ಕೊಡಬೇಕು ಎನ್ನುವುದು ಕಂಪನಿಯ ವಾದ. ಹಾಗಾಗಿ ಒಂದು ಲಕ್ಷದ ಫೀಸುಗಳಲ್ಲಿ 37,500 ಹೋಯಿತು. ರೂಮಿನದ್ದು 12,000. ಗ್ಲೌಸು, ಮಾಸ್ಕು, ಕಿಡ್ನಿ ಟ್ರೇ, ಇಸಿಜಿಗೆ ಅಂಟಿಸುವ ಎಲೆಕ್ಟ್ರೋಡು ಇತ್ಯಾದಿ 6,400. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಹೀಗೆ ಕಂಪನಿಗಳು ಕೊಡದೇ ಇರಬಹುದಾದ 68 ಬಾಬ್ತುಗಳ ಪಟ್ಟಿಯನ್ನೇ ಇಟ್ಟಿದೆ. ಗ್ಲೌಸು ಹಾಕದೆ ಆಪರೇಷನ್ ಮಾಡುವ ಡಾಕ್ಟರು ಎಲ್ಲಾದರೂ ಇದ್ದರೆ ಆ ದುಡ್ಡು ಉಳಿಯುತ್ತಿತ್ತೇನೋ.

ಇಷ್ಟಕ್ಕೇ 55,900 ಆಯಿತು. ಉಳಿದ 23,850 ಎಲ್ಲಿಂದ ಬಂತು? ಔಷಧಿ, ಸ್ಕ್ಯಾನಿಂಗ್, ರಕ್ತಪರೀಕ್ಷೆಗಳ 63,600 ರೂಪಾಯಿಗೂ ಅದೇ ಶೇ. 62.5ರ ಕತ್ತರಿ ಹಾಕಿದ್ದರು. ಅಲ್ಲಿ ನಮಗೆ ಹಿಡಿ ಸಿಕ್ಕಿತು, ಅದನ್ನು ಕೊನೆಗೆ ಹೇಳುತ್ತೇನೆ.

ಇದು ನಮ್ಮೊಬ್ಬರ ಮನೆಯ ಹಣೆಬರಹ ಅಲ್ಲ ಎನ್ನುವುದಕ್ಕೆ ಪ್ರಾಧಿಕಾರದ್ದೇ 2023-24ರ ವಾರ್ಷಿಕ ವರದಿ ಇದೆ. ಆ ವರ್ಷ ಆರೋಗ್ಯ ವಿಮಾ ಕಂಪನಿಗಳ ಮುಂದಿದ್ದ ಕ್ಲೇಮುಗಳು ಸುಮಾರು 3.26 ಕೋಟಿ, ಇತ್ಯರ್ಥವಾದವು 2.69 ಕೋಟಿ. ಶೇ. 82. ಜಾಹೀರಾತುಗಳಿಗೆ ಬಲು ಪ್ರಿಯವಾದ ಬಗೆಯ ಸಂಖ್ಯೆ ಇದು. ಆದರೆ ತಲೆ ಎಣಿಸುವುದು ಬಿಟ್ಟು ರೂಪಾಯಿ ಎಣಿಸಿ ನೋಡಿ. ಕೇಳಿದ್ದು 1.17 ಲಕ್ಷ ಕೋಟಿ, ಕೊಟ್ಟಿದ್ದು 83,493 ಕೋಟಿ, ಅಂದರೆ ಶೇ. 71ರ ಆಸುಪಾಸು. ಸುಮಾರು 10,937 ಕೋಟಿಯ ಕ್ಲೇಮುಗಳನ್ನು ತಿರಸ್ಕರಿಸಿದರು, ಒಂದಿಷ್ಟು ವರ್ಷಾಂತ್ಯಕ್ಕೆ ಬಾಕಿ ಉಳಿಯಿತು, ಮತ್ತೆ ಸುಮಾರು 15,100 ಕೋಟಿಯನ್ನು "ಪಾಲಿಸಿಯ ಷರತ್ತಿನ ಪ್ರಕಾರ ಸಲ್ಲುವುದಿಲ್ಲ" ಎಂದು ಬದಿಗಿಟ್ಟರು. ಪೂರ್ತಿ ತಿರಸ್ಕರಿಸಿದ್ದಕ್ಕಿಂತ ಹೀಗೆ ಬದಿಗಿಟ್ಟದ್ದೇ ಹೆಚ್ಚು! ಚಿಕ್ಕಪ್ಪನ ಕ್ಲೇಮು ಸರ್ಕಾರಿ ಲೆಕ್ಕದಲ್ಲಿ ಇತ್ಯರ್ಥವಾದ ಕ್ಲೇಮು. ಎಂಬತ್ತು ಸಾವಿರ ಕೈಯಿಂದ ಕಟ್ಟಿಯೂ ಅವರು "ಸೆಟಲ್ಡ್".

ತಿರಸ್ಕಾರದ ಕಥೆ ಬೇರೆ, ಅದು ಆಸ್ಪತ್ರೆಯಲ್ಲಿ ಶುರುವಾಗುವುದಲ್ಲ, ಪಾಲಿಸಿ ಮಾರುವ ದಿನ ನಿಮ್ಮ ಮನೆಯ ಹಾಲ್‌ನಲ್ಲೇ ಶುರುವಾಗುತ್ತದೆ. ಫಾರಂ ತುಂಬುವವನು ಏಜೆಂಟ್. ಸಹಿ ಹಾಕುವವರು ನಾವು. "ಬಿಪಿ ಮಾತ್ರೆ ತಗೋತೀರಾ ಅಂತ ಬರೀಬೇಡಿ ಸರ್, ಸುಮ್ನೆ ಪ್ರೀಮಿಯಂ ಜಾಸ್ತಿ ಆಗತ್ತೆ" ಎಂಬ ಮಾತು ಕೇಳದವರು ಕಡಿಮೆ, ಕೇಳಿ ಬೇಡ ಅಂದವರು ಇನ್ನೂ ಕಡಿಮೆ. ನಾಲ್ಕು ವರ್ಷದ ಮೇಲೆ ಹೃದಯಾಘಾತವಾಗಿ ಮಲಗಿದಾಗ, ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಡಾಕ್ಟರು ಬರೆದ "ಆರು ವರ್ಷದಿಂದ ಬಿಪಿ ಇದೆ" ಎಂಬ ಒಂದು ಸಾಲು ಇಡೀ ಪಾಲಿಸಿಯನ್ನು ನುಂಗಿ ಹಾಕುತ್ತದೆ. ಇಲ್ಲಿ ತಪ್ಪು ಎರಡೂ ಕಡೆ ಇದೆ ಎನ್ನುವುದನ್ನು ಒಪ್ಪಬೇಕು. ಹಾಗೆಂದು ಎಲ್ಲಾ ತಪ್ಪೂ ಗ್ರಾಹಕನದ್ದಲ್ಲ. ಮನಮೋಹನ ನಂದಾ ಎಂಬುವರು ಅಮೆರಿಕಕ್ಕೆ ಹೊರಟಾಗ ಪ್ರವಾಸದ ಆರೋಗ್ಯ ವಿಮೆ ಮಾಡಿಸಿದ್ದರು, ಸಕ್ಕರೆ ಕಾಯಿಲೆ ಇದೆಯೆಂದು ತಿಳಿಸಿಯೂ ಇದ್ದರು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಹೃದಯಾಘಾತವಾಯಿತು, ಸ್ಟೆಂಟು ಹಾಕಿದರು, ಕಂಪನಿ ಹಳೆಯ ಕಾಯಿಲೆಯ ನೆಪ ಒಡ್ಡಿ ದುಡ್ಡು ಕೊಡಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ 2021ರ ಡಿಸೆಂಬರ್‌ನಲ್ಲಿ ನಂದಾ ಅವರ ಪರ ತೀರ್ಪು ಕೊಟ್ಟಿತು: ಗ್ರಾಹಕ ತಿಳಿಸಿದ ಕಾಯಿಲೆಯನ್ನು ತೂಗಿ ನೋಡಿ ಪಾಲಿಸಿ ಕೊಟ್ಟ ಮೇಲೆ, ಅದೇ ಕಾಯಿಲೆ ತೋರಿಸಿ ಹಿಂದೆ ಸರಿಯುವಂತಿಲ್ಲ.

ನಿಯಮಗಳು ಸುಧಾರಿಸಿಲ್ಲ ಎಂದರೆ ಸುಳ್ಳಾಗುತ್ತದೆ. 2024ರ ಏಪ್ರಿಲ್‌ನಿಂದ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ, ಅಂದರೆ ಪಾಲಿಸಿ ಕೊಂಡ ಮೇಲೂ ಅವುಗಳ ಖರ್ಚು ಸಿಗದ ಅವಧಿ, ಗರಿಷ್ಠ ನಾಲ್ಕು ವರ್ಷದಿಂದ ಮೂರಕ್ಕೆ ಇಳಿದಿದೆ. ಐದು ವರ್ಷ ಬಿಡದೆ ಪಾಲಿಸಿ ನಡೆಸಿದರೆ, ಉದ್ದೇಶಪೂರ್ವಕ ವಂಚನೆ ಎಂದು ಸಾಬೀತು ಮಾಡದ ಹೊರತು, "ನೀವು ಆವತ್ತು ಹೇಳಲಿಲ್ಲ" ಎಂಬ ಕಾರಣಕ್ಕೆ ಕ್ಲೇಮು ತಳ್ಳುವಂತಿಲ್ಲ. ಮೊದಲು ಇದು ಎಂಟು ವರ್ಷ ಇತ್ತು. ಕ್ಯಾಶ್‌ಲೆಸ್ (ಕಂಪನಿಯೇ ಆಸ್ಪತ್ರೆಗೆ ನೇರವಾಗಿ ದುಡ್ಡು ಕಟ್ಟುವ) ಅರ್ಜಿಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಅನುಮತಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು, ತಡವಾಗಿ ಆಸ್ಪತ್ರೆ ಹೆಚ್ಚು ದುಡ್ಡು ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು ಎಂದು 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ಗಾಜಿನ ಮುಂದೆ ಕೂತಿದ್ದಾಗ ನಾನು ಇದನ್ನು ಮೊಬೈಲಿನಲ್ಲಿ ಎರಡು ಸಲ ಓದಿದೆ. ಮೂರು ಗಂಟೆಯ ಗಡಿಯಾರ ಆಸ್ಪತ್ರೆ ಫೈನಲ್ ಬಿಲ್ಲು ಕಳಿಸಿದ ಮೇಲೆ ಓಡಲು ಶುರುವಾಗುತ್ತದೆ. ನಮ್ಮ ಆಸ್ಪತ್ರೆಯವರು ಬಿಲ್ಲು ಕಳಿಸಿದ್ದೇ ಸಂಜೆ ನಾಲ್ಕಕ್ಕೆ.

ಇನ್ನು ಪ್ರೀಮಿಯಂ. ವೈಯಕ್ತಿಕ ಮತ್ತು ಕುಟುಂಬದ ಪಾಲಿಸಿಗಳ ಮೇಲಿದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಯಿತು. ಇಪ್ಪತ್ತು ಸಾವಿರದ ಪ್ರೀಮಿಯಂಗೆ 3,600 ರೂಪಾಯಿ ಉಳಿತಾಯ, ಸಣ್ಣದೇನಲ್ಲ. ಹಿಂದಿನ ವರ್ಷ ಕೇಂದ್ರ ಸಚಿವ ನಿತಿನ್ ಗಡ್ಕರಿಯವರೇ ಈ ತೆರಿಗೆ ತೆಗೆಯಿರಿ ಎಂದು ಹಣಕಾಸು ಸಚಿವೆಗೆ ಪತ್ರ ಬರೆದಿದ್ದರು. ಆದರೆ ತೆರಿಗೆ ಇಲ್ಲವಾದಾಗ ಕಂಪನಿಗಳಿಗೆ ತಾವು ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಅವಕಾಶವೂ ಇಲ್ಲವಾಗುತ್ತದೆ, ಆ ಖರ್ಚು ಮೂಲ ಪ್ರೀಮಿಯಂನೊಳಗೆ ನುಸುಳಲು ದಾರಿ ಇದ್ದೇ ಇದೆ. ಕಚೇರಿಗಳ ಗ್ರೂಪ್ ಪಾಲಿಸಿಗೆ ಈ ವಿನಾಯಿತಿ ಇಲ್ಲ. ಅರವತ್ತು ದಾಟಿದವರ ಪ್ರೀಮಿಯಂ ಅನ್ನು ತನ್ನನ್ನು ಕೇಳದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದು ಎಂದು ಪ್ರಾಧಿಕಾರ 2025ರ ಜನವರಿಯಲ್ಲಿ ಹೇಳಿತು. ಒಳ್ಳೆಯದೇ. ಆದರೂ ವರ್ಷಕ್ಕೆ ಹತ್ತರ ಲೆಕ್ಕದಲ್ಲಿ ಏರಿದರೆ ಏಳೆಂಟು ವರ್ಷದಲ್ಲಿ ಪ್ರೀಮಿಯಂ ದುಪ್ಪಟ್ಟು, ಪಿಂಚಣಿ ಆ ವೇಗದಲ್ಲಿ ಏರುವುದಿಲ್ಲ.

ಕಂಪನಿಗಳು ದೋಚುತ್ತಿವೆಯೇ? ಪ್ರಾಧಿಕಾರದ ಅದೇ 2023-24ರ ವರದಿಯ ಪ್ರಕಾರ, ಬರೇ ಆರೋಗ್ಯ ವಿಮೆಯನ್ನೇ ಮಾರುವ ಕಂಪನಿಗಳು ಒಂದು ನೂರು ರೂಪಾಯಿ ಪ್ರೀಮಿಯಂನಲ್ಲಿ ಕ್ಲೇಮಿಗೆ ಕೊಟ್ಟದ್ದು ಸುಮಾರು 65 ರೂಪಾಯಿ. ಉಳಿದದ್ದು ಕಮಿಷನ್, ಕಚೇರಿ, ಜಾಹೀರಾತು, ಲಾಭ. ಮೂವತ್ತೈದು ರೂಪಾಯಿ ಖರ್ಚಿನ ಈ ಏರ್ಪಾಡನ್ನು ನಾನು ಸಮರ್ಥಿಸಲಾರೆ. ಆದರೆ ಅದೇ ವರದಿಯ ಮುಂದಿನ ಸಾಲೂ ಓದಬೇಕು. ಸರ್ಕಾರಿ ವಿಮಾ ಕಂಪನಿಗಳು ನೂರು ರೂಪಾಯಿ ವಸೂಲಿ ಮಾಡಿ ನೂರಕ್ಕಿಂತ ಹೆಚ್ಚೇ ಕ್ಲೇಮಿಗೆ ಕೊಟ್ಟಿದ್ದವು. ಅವುಗಳ ಪ್ರೀಮಿಯಂ ಏನು ಇಳಿದಿದೆಯೇ? ಇಲ್ಲ. ಲಾಭ ಮಾಡದವರೂ ದರ ಏರಿಸುತ್ತಿದ್ದಾರೆ ಎಂದಾದರೆ ಬೆಂಕಿ ಇರುವುದು ಬೇರೆ ಒಲೆಯಲ್ಲಿ.

ಆ ಒಲೆ ಆಸ್ಪತ್ರೆಯ ದರಪಟ್ಟಿ. ಮೆಡಿಕ್ಲೇಮ್ ಎಂಬ ಪಾಲಿಸಿಯನ್ನು ಸರ್ಕಾರಿ ಕಂಪನಿಗಳು 1986ರಲ್ಲಿ ತಂದಾಗ ರೋಗಿ ಮೊದಲು ಬಿಲ್ಲು ಕಟ್ಟಿ ಆಮೇಲೆ ರಸೀದಿ ಕೊಟ್ಟು ವಾಪಸು ಪಡೆಯುತ್ತಿದ್ದ. ಕಟ್ಟುವ ಕೈ ತನ್ನದಾದ್ದರಿಂದ "ಇಷ್ಟೇಕೆ ಆಯ್ತು?" ಎಂದು ಕೇಳುತ್ತಿದ್ದ. ಕ್ಯಾಶ್‌ಲೆಸ್ ಬಂದಮೇಲೆ ಆ ಪ್ರಶ್ನೆ ಕೇಳುವವರೇ ಇಲ್ಲವಾದರು. ಅಡ್ಮಿಷನ್ ಕೌಂಟರಿನಲ್ಲಿ ಮೊದಲ ಪ್ರಶ್ನೆಯೇ "ಕ್ಯಾಶಾ, ಇನ್ಶೂರೆನ್ಸಾ?" ಈ ಪ್ರಶ್ನೆಗೂ ಕಾಯಿಲೆಗೂ ಏನು ಸಂಬಂಧ ಎಂದು ಯೋಚಿಸಿದ್ದೀರಾ? ಬಿಲ್ಲು ದೊಡ್ಡದಾದಷ್ಟೂ ಆಸ್ಪತ್ರೆಗೆ ಅನುಕೂಲ, ರೋಗಿಗೆ ತನ್ನ ಜೇಬಿನದ್ದಲ್ಲ ಎಂಬ ಧೈರ್ಯ, ಕಂಪನಿಗೆ ಮುಂದಿನ ವರ್ಷ ಪ್ರೀಮಿಯಂ ಏರಿಸಿಕೊಳ್ಳುವ ದಾರಿ. ತಕ್ಕಡಿ ಹಿಡಿಯುವವರು ಮೂವರಲ್ಲಿ ಒಬ್ಬರೂ ಇಲ್ಲ. ಇದ್ದಕ್ಕಿದ್ದಂತೆ ಕಂಪನಿಗೆ ತಕ್ಕಡಿ ನೆನಪಾಗುವುದು ಡಿಸ್ಚಾರ್ಜ್ ದಿನ, ಆಗ ತೂಗುವುದು ಆಸ್ಪತ್ರೆಯನ್ನಲ್ಲ, ನಮ್ಮನ್ನು.

ಇದನ್ನು ತಿರುಗಿಸಿ ಮಾಡಿದರೆ ಹೇಗಿರುತ್ತದೆ ಎಂಬುದನ್ನು ಕರ್ನಾಟಕ ಇಪ್ಪತ್ತು ವರ್ಷದ ಹಿಂದೆಯೇ ಮಾಡಿ ತೋರಿಸಿತ್ತು. ಡಾ. ದೇವಿ ಶೆಟ್ಟಿಯವರ ಕಲ್ಪನೆಯಲ್ಲಿ, ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲಿ, 2003ರ ಜೂನ್‌ನಿಂದ ಜಾರಿಗೆ ಬಂದ ಯಶಸ್ವಿನಿ. ಸಹಕಾರ ಸಂಘದ ಸದಸ್ಯ ತಲೆಗೆ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ ಅರವತ್ತು ಕಟ್ಟಿದರೆ ಸಾವಿರದಾರುನೂರರಷ್ಟು ಬಗೆಯ ಆಪರೇಷನ್‌ಗಳಿಗೆ ರಕ್ಷಣೆ. ಮೊದಲ ವರ್ಷವೇ ಹದಿನಾರು ಲಕ್ಷದಷ್ಟು ಜನ ಸೇರಿದರು. ಹಾಲಿನ ಡೈರಿ, ಸೊಸೈಟಿಯ ಸೆಕ್ರೆಟರಿಗಳೇ ಹೆಸರು ಬರೆದುಕೊಂಡು ದುಡ್ಡು ಕಟ್ಟಿಸಿಕೊಂಡರು, ಏಜೆಂಟನ ಕಮಿಷನ್ ಪ್ರಶ್ನೆಯೇ ಇರಲಿಲ್ಲ. ಸರ್ಕಾರದ ನೆರವೂ ಸೇರಿತ್ತು, ಅದನ್ನು ಮರೆಯಬಾರದು. ಆದರೆ ಅರವತ್ತು ರೂಪಾಯಿಗೆ ಇದು ಸಾಧ್ಯವಾದದ್ದರ ಗುಟ್ಟು ಇನ್ನೊಂದು ಕಡೆ ಇತ್ತು: ಯಾವ ಆಪರೇಷನ್‌ಗೆ ಎಷ್ಟು ಎಂದು ಆಸ್ಪತ್ರೆಗಳೊಂದಿಗೆ ಮೊದಲೇ ಕೂತು ದರ ಒಪ್ಪಿಸಿಕೊಂಡಿದ್ದರು. ಮೊದಲು ದರ, ಆಮೇಲೆ ಪ್ರೀಮಿಯಂ. ಎಂಟು ಸಾವಿರದ ರೂಮಿನ ಮಾತೇ ಏಳುವಂತಿರಲಿಲ್ಲ.

ಅದು ಎಲ್ಲಾ ಚೆನ್ನಾಗಿ ನಡೆಯಿತು ಎಂದೇನೂ ಅಲ್ಲ. ವಂತಿಗೆ ಏರುತ್ತಾ ಹೋಯಿತು, 2018ರಲ್ಲಿ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಕರಗಿತು, 2022-23ರಲ್ಲಿ ಮತ್ತೆ ಬಂತು. ಈಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ಐನೂರು, ಪಟ್ಟಣದ ಕುಟುಂಬಕ್ಕೆ ಸಾವಿರ, ಐದು ಲಕ್ಷದವರೆಗೆ ಚಿಕಿತ್ಸೆ. ದರ ಆಸ್ಪತ್ರೆಯವರಿಗೆ ಗಿಟ್ಟದಿದ್ದರೆ ಅವರು ಒಲ್ಲದ ಮನಸ್ಸಿನಿಂದ ಸೇರುತ್ತಾರೆ, ಬೆಡ್ ಇಲ್ಲ ಎನ್ನುತ್ತಾರೆ. ತೀರಾ ಕಡಿಮೆ ದರ ಕಟ್ಟಿದರೂ ರೋಗಿಯೇ ಅಲೆಯುವುದು.

ಸಾಮಾನ್ಯ ರೋಗಿಗೂ ಇಂಥ ಒಂದು ದರ ಕಟ್ಟುವ ಪ್ರಯತ್ನ ನಡೆದದ್ದು 2017ರಲ್ಲಿ. ಆರೋಗ್ಯ ಸಚಿವ ರಮೇಶ್ ಕುಮಾರ್ ತಂದ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆಯಲ್ಲಿ ಸರ್ಕಾರವೇ ಚಿಕಿತ್ಸೆಯ ದರ ನಿಗದಿ ಮಾಡುವ ಮಾತಿತ್ತು, ಮೀರಿದರೆ ಜೈಲುಶಿಕ್ಷೆಯ ಪ್ರಸ್ತಾಪವೂ ಇತ್ತು. ಆ ನವೆಂಬರ್ ಬೆಳಗಾವಿ ಅಧಿವೇಶನ ನೆನಪಿರುವವರಿಗೆ ಬಾಗಿಲು ಹಾಕಿದ ಹೊರರೋಗಿ ವಿಭಾಗಗಳೂ ನೆನಪಿರುತ್ತವೆ. ವೈದ್ಯರು ಮುಷ್ಕರ ಹೂಡಿದರು. ಜೈಲಿಗೆ ಹೆದರಿ ಯಾರು ಚಿಕಿತ್ಸೆ ಕೊಡುತ್ತಾರೆ ಎಂಬ ಅವರ ಮಾತಿನಲ್ಲಿ ಹುರುಳಿತ್ತು ಕೂಡ. ಕೊನೆಗೆ ಕಾಯ್ದೆ ಆಯಿತು, ಆದರೆ ದರ ನಿಗದಿ ಸರ್ಕಾರಿ ಯೋಜನೆಗಳಡಿ ಬರುವ ರೋಗಿಗಳಿಗೆ ಸೀಮಿತವಾಯಿತು. ಮಿಕ್ಕವರಿಗೆ ಸಿಕ್ಕಿದ್ದು ಗೋಡೆಯ ಮೇಲೆ ದರಪಟ್ಟಿ. ಜೈಲಿನ ಗದ್ದಲದಲ್ಲಿ ದರದ ವಿಚಾರವನ್ನೂ ಬಲಿಗೊಟ್ಟದ್ದು ಆ ಇಡೀ ಪ್ರಸಂಗದ ದೊಡ್ಡ ನಷ್ಟ ಎಂದು ನನಗೆ ಈಗಲೂ ಅನ್ನಿಸುತ್ತದೆ. ದರ ಕಟ್ಟಿದರೆ ವೈದ್ಯಕೀಯವೇ ಕುಸಿಯುತ್ತದೆ ಎಂಬುದಕ್ಕೆ ಅದೇ ವರ್ಷದ ಫೆಬ್ರವರಿಯಲ್ಲೇ ಉತ್ತರ ಸಿಕ್ಕಿತ್ತು. ಕೇಂದ್ರ ಔಷಧ ದರ ಪ್ರಾಧಿಕಾರ ಹೃದಯದ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು. ಅದಾದ ಮೇಲೂ ಸ್ಟೆಂಟು ಹಾಕುವುದು ನಿಂತಿಲ್ಲ.

ಈ ದರಬಿಗಿತದ ಒಳಗಿರುವವರು ಯಾರು, ಹೊರಗಿರುವವರು ಯಾರು? ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರದ್ದು, ಅದೂ ಒಂದೂವರೆ ಲಕ್ಷದವರೆಗೆ. ತಿಂಗಳಿಗೆ 21,000 ಮೀರದ ಸಂಬಳದವರಿಗೆ ಇಎಸ್‌ಐ. ಇವುಗಳ ನಡುವೆ ಬಿದ್ದವರು, ಅಂದರೆ ಅಂಗಡಿ ಇಟ್ಟವರು, ಓಲಾ ಓಡಿಸುವವರು, ನಿವೃತ್ತ ಖಾಸಗಿ ಶಾಲೆಯ ಮೇಷ್ಟರು, ಹೊರಗೆ. ಯಾವ ರಕ್ಷಣೆಯೂ ಇಲ್ಲದೆ ನಡುವೆ ಸಿಕ್ಕಿಕೊಂಡವರು ದೇಶದಲ್ಲಿ ಸುಮಾರು ನಲವತ್ತು ಕೋಟಿ ಎಂದು ನೀತಿ ಆಯೋಗ 2021ರಲ್ಲಿ ಅಂದಾಜು ಮಾಡಿತ್ತು. ಖಾಸಗಿ ಪಾಲಿಸಿ ಮಾರುವುದು ಇವರಿಗೇ. ಬಿಲ್ಲಿನ ಪೂರ್ತಿ ದರ ಬೀಳುವುದೂ ಇವರ ಮೇಲೇ. ನಮ್ಮಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನ ಜೇಬಿನಿಂದ ಕೊಡುವ ಪಾಲು 2014-15ರಲ್ಲಿ ಶೇ. 62.6 ಇದ್ದದ್ದು 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ. ಇಳಿದದ್ದು ಸಂತೋಷವೇ. ಆದರೂ ನೂರಕ್ಕೆ ಮೂವತ್ತೊಂಬತ್ತು!

ಚಿಕ್ಕಪ್ಪನ ಹಾಳೆಗೆ ಬರುತ್ತೇನೆ. ರೂಮಿನ ಅನುಪಾತದ ಕತ್ತರಿಯನ್ನು ಔಷಧಿ, ಇಂಪ್ಲಾಂಟು, ತಪಾಸಣೆಗಳ ಮೇಲೆ ಹಾಕುವಂತಿಲ್ಲ, ಐಸಿಯು ಬಾಬ್ತಿನ ಮೇಲೂ ಹಾಕುವಂತಿಲ್ಲ, ರೂಮಿನ ದರ್ಜೆಗೆ ತಕ್ಕಂತೆ ಫೀಸು ಬದಲಿಸದ ಆಸ್ಪತ್ರೆಯಲ್ಲಂತೂ ಆ ಕತ್ತರಿಯನ್ನೇ ಎತ್ತುವಂತಿಲ್ಲ ಎಂದು ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಪಾಲಿಸಿಯ ಪುಸ್ತಕದಲ್ಲೂ ಇದು ಇತ್ತು, ಇಪ್ಪತ್ತಾರನೇ ಪುಟದಲ್ಲಿ. ಕಂಪನಿಯ ದೂರು ವಿಭಾಗಕ್ಕೆ ಪುಟದ ಫೋಟೊ ಲಗತ್ತಿಸಿ ನಾಲ್ಕು ಸಾಲಿನ ಇಮೇಲ್ ಕಳಿಸಿದೆವು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗುವುದೆಂದು ತೀರ್ಮಾನಿಸಿದ್ದೆವು. ಬೆಂಗಳೂರಿನ ಕಚೇರಿ ಜೆ.ಪಿ. ನಗರದಲ್ಲಿದೆ. ಐವತ್ತು ಲಕ್ಷದವರೆಗಿನ ವ್ಯಾಜ್ಯಕ್ಕೆ ಅಲ್ಲಿ ಫೀಸಿಲ್ಲ, ವಕೀಲರು ಬೇಡ, ಕೊಟ್ಟ ತೀರ್ಪಿಗೆ ಕಂಪನಿ ತಲೆಬಾಗಬೇಕು. ಕಂಪನಿಯ ಅಂತಿಮ ಉತ್ತರ ಬಂದು ವರ್ಷದೊಳಗೆ ಹೋದರೆ ಸಾಕು.

ಹೋಗಬೇಕಾಗಿ ಬರಲಿಲ್ಲ. ಇಪ್ಪತ್ತೆರಡನೇ ದಿನ 23,850 ರೂಪಾಯಿ ಖಾತೆಗೆ ಬಿತ್ತು. ಕ್ಷಮಾಪಣೆ, ವಿವರಣೆ ಏನೂ ಇಲ್ಲ, ಬ್ಯಾಂಕಿನ ಮೆಸೇಜು ಮಾತ್ರ.

ಮಿಕ್ಕ 55,900 ಷರತ್ತಿನ ಪ್ರಕಾರ ನಮ್ಮದೇ. ಮುಂದಿನ ತಿಂಗಳು ರಿನ್ಯೂವಲ್. ರೂಮಿನ ಮಿತಿ ಇಲ್ಲದ ಪಾಲಿಸಿಗೆ ಬದಲಾಯಿಸಿದರೆ ವರ್ಷಕ್ಕೆ ಹನ್ನೊಂದು ಸಾವಿರ ಹೆಚ್ಚು ಎಂದು ಏಜೆಂಟ್ ಹೇಳಿಹೋಗಿದ್ದಾನೆ. ಚಿಕ್ಕಮ್ಮ ಅವನು ಬಿಟ್ಟುಹೋದ ಕಾಗದವನ್ನು ಫ್ರಿಜ್ಜಿನ ಮೇಲಿಟ್ಟು, ಹಾಲು ಹಾಕುವ ಸೊಸೈಟಿಯಲ್ಲಿ ಯಶಸ್ವಿನಿಗೆ ಹೆಸರು ಬರೆಸುವುದು ಯಾವಾಗ ಶುರು ಮಾಡ್ತಾರೆ ಕೇಳ್ಕೊಂಡು ಬಾರೋ ಎಂದು ನನ್ನನ್ನು ಕಳಿಸಿದ್ದಾರೆ.